ಕಿರುಬೆರಳ ಉಗುರಿನಷ್ಟು

ಅರಸೀಕೆರೆಯ ಪುರಸಭೆ ಹೈಸ್ಕೂಲಿನ ಪಡುವಣ ಗೋಡೆಗೆ
ನಮ್ಮಪ್ಪ ಜಗತ್ತನ್ನು ಬರೆದದ್ದು ನಲವತ್ತಾರರಲ್ಲಿ.
ಅಗಸೆ ಎಣ್ಣೆ ಕಾಯಿಸಿ, ಸಫೇದ ಅರೆದು,
ದೊರೆಗಳ ಸೀಮೆಗೆಲ್ಲ ಒಂದೇ ಕೆಂಪು.
ಆ ಕೆಂಪಿನದೊಂದು ಚೂರು ಕಡಲಂಚಿಗೆ,
ಕಿರುಬೆರಳ ಉಗುರಿನಷ್ಟು.
ಪ್ಯಾಲೆಸ್ಟೈನ್ ಎಂದು ಬರೆಯಲು ಜಾಗ ಸಾಲದೆ
ಹೆಸರನ್ನು ನೀರಿನ ಮೇಲೆ ಬರೆದನಂತೆ.

ಮೂರು ವರ್ಷಕ್ಕೆ ಹೆಡ್‌ಮಾಸ್ಟರು ಮರಿದೇವಯ್ಯನವರು
ಮಡಿಚಿದ ಪೇಪರು ಹಿಡಿದು ಬಂದರು.
"ಪುಟ್ಟಾಚಾರ್, ಅಲ್ಲಿ ಹೊಸ ದೇಶ ಹುಟ್ಟಿದೆ, ಗೆರೆ ಎಳಿ."
"ಹಳೇದು ಎಲ್ಲಿಗೋಯ್ತು ಸ್ವಾಮಿ?"
ಮಾಸ್ಟರು ಗೋಡೆಗೆ ಒರಗಿ ಹೇಳಿದರಂತೆ:
ಮನೆಮಂದಿಯೆಲ್ಲ ಬೂದಿಯಾದ ಮೇಲೆ
ತೋಳಿನಲ್ಲಿ ಅಂಕಿ ಹೊತ್ತು ಹಡಗಿಳಿದವರಿದ್ದಾರೆ;
ಒಲೆ ಮೇಲಿನ ಎಸರು ಇಳಿಸದೆ, ಬಾಗಿಲಿಗೆ ಬೀಗ ಜಡಿದು
ವಾರದಲ್ಲಿ ಬರುತ್ತೇವೆಂದು ಹೊರಟವರಿದ್ದಾರೆ;
ಇಬ್ಬರಿಗೂ ಬೇಕಾದದ್ದು ಅದೇ ಉಗುರಿನಷ್ಟು.
ಅಪ್ಪ ಏನೂ ಅನ್ನಲಿಲ್ಲ.
ಕುಂಚದ ಕೂದಲು ಕತ್ತರಿಸಿ ಇನ್ನಷ್ಟು ಸಣ್ಣ ಮಾಡಿಕೊಂಡ.

ಅರವತ್ತೇಳರಲ್ಲಿ ನಾನು ಹನ್ನೆರಡರ ಹುಡುಗ.
ಏಣಿ ಹಿಡಿದವನು ದಸ್ತಗೀರ್, ನನ್ನ ಸರೀಕ,
ಎತ್ತಿಗೆ ಲಾಳ ಕಟ್ಟುವವರ ಮಗ.
ಅಲ್ಲಿ ಆರು ದಿನದ ಯುದ್ಧ, ನಮಗೆ ಒಂಬತ್ತು ದಿನದ ಕೆಲಸ.
ಸಿನಾಯಿಯ ಹಳದಿ ಕೆರೆದು ನೀಲಿ ಬಳಿದೆವು,
ಹದಿನೈದು ವರ್ಷಕ್ಕೆ ಆ ನೀಲಿ ಕೆರೆದು ಮತ್ತೆ ಹಳದಿ.
ಬೇಸಾಯಗಾರನೂ ಒಂದೇ ಹೊಲವನ್ನು ಇಷ್ಟು ಸಲ ಉತ್ತಿರಲಾರ.
ನಡುವೆ ಇನ್ನೊಂದು ಯುದ್ಧ.
ಅರಬರು ಎಣ್ಣೆಯ ನಲ್ಲಿ ತಿರುಗಿಸಿದರಂತೆ,
ಮಾರುತಿ ಸ್ಟೋರಿನ ಸಾಲಿನಲ್ಲಿ ನಮ್ಮವ್ವ
ಖಾಲಿ ಡಬ್ಬ ಹಿಡಿದು ಮಧ್ಯಾಹ್ನದವರೆಗೆ ನಿಂತಳು.
ಟರ್ಪೆಂಟೈನಿಗೆ ಬೆಲೆ ಬಂತು, ನಮ್ಮ ಕೂಲಿಗೆ ಬರಲಿಲ್ಲ.

ತೊಂಬತ್ತಮೂರರಲ್ಲಿ ಟೀವಿಯಲ್ಲಿ ಇಬ್ಬರು ಕೈ ಕುಲುಕಿದರು.
ಅಪ್ಪ ಹೋಗಿ ಏಳು ವರ್ಷವಾಗಿತ್ತು.
ಹೊಸ ಮಾಸ್ಟರಿಗೆ ಉತ್ಸಾಹ: "ಎರಡೂ ಹೆಸರು ಬರಿ,
ನಡುವೆ ಚುಕ್ಕಿ ಇಡು."
ಚುಕ್ಕಿ ಇಟ್ಟೆ.
ಸೇರಿಸುವವರು ಬರಲಿಲ್ಲ.

ಈ ವರ್ಷ ಶಾಲೆಗೆ ನೂರು ತುಂಬಿತು, ಗೋಡೆಗೆ ಹೊಸ ಬಣ್ಣ.
ಕೆರೆಯುತ್ತ ಹೋದೆ.
ನೀಲಿಯ ಕೆಳಗೆ ಹಳದಿ, ಹಳದಿಯ ಕೆಳಗೆ ಅಪ್ಪನ ಕೆಂಪು,
ಅದರ ಕೆಳಗೆ ಸುಣ್ಣ, ಸುಣ್ಣದ ಕೆಳಗೆ
ಯಾರ ಹೆಸರೂ ಇಲ್ಲದ ನಮ್ಮೂರ ಕೆರೆಯ ಮಣ್ಣು.
ರಷ್ಯಾವನ್ನು ಒಡೆದಾಗ ಇಷ್ಟು ಕೆರೆದಿರಲಿಲ್ಲ.
ಈ ಉಗುರಿನಷ್ಟು ಜಾಗ ಮಾತ್ರ ಸವೆದು ಸವೆದು
ಗೋಡೆಯಲ್ಲೊಂದು ಗುಳಿ ಬಿದ್ದಿದೆ.

ರೈಲ್ವೆ ಗೇಟಿನ ಟೀ ಅಂಗಡಿಯಲ್ಲಿ
ಅವರ ಬಾವುಟಕ್ಕೊಬ್ಬ, ಇವರ ಬಾವುಟಕ್ಕೊಬ್ಬ
ಮೇಜು ಗುದ್ದಿ ಕಾದಾಡುತ್ತಾರೆ.
ಹಬ್ಬದ ಬೆಳಗ್ಗೆ ಹಾಸಿಗೆಯಿಂದ ಎಳೆದೊಯ್ದವರನ್ನು ಒಬ್ಬ ಎಣಿಸುತ್ತಾನೆ,
ಹಿಟ್ಟಿನ ಸಾಲಿನಲ್ಲಿ ನಿಂತು ಸತ್ತವರನ್ನು ಇನ್ನೊಬ್ಬ.
ಕುಡಿದ ಟೀ ಮಾತ್ರ ಇಬ್ಬರೂ ಎಣಿಸುವುದಿಲ್ಲ
ಎಂದು ಅಂಗಡಿಯ ನಂಜಮ್ಮ ಗೊಣಗುತ್ತಾಳೆ.
ಸಾಲ ಎಂದಳು, ಸಾಲು ಎಂದು ಕೇಳಿಸಿತು ನನಗೆ;
ಡಬ್ಬ ಹಿಡಿದ ಅವ್ವ ನೆನಪಾದಳು.

ದಸ್ತಗೀರನ ಕಣ್ಣಿಗೆ ಪೊರೆ. ಒಂದಕ್ಕೆ ಆಪರೇಷನ್ ಆಗಿ ಕೆಟ್ಟಿತು.
ಈಗಲೂ ಏಣಿ ಹಿಡಿಯಲು ಅವನೇ ಬರುತ್ತಾನೆ;
ಏಣಿಯೇ ತಾತನನ್ನು ಹಿಡಿದಿರೋದು
ಎಂದು ಅವನ ಮೊಮ್ಮಗಳು ನಗುತ್ತಾಳೆ.
ನಿನ್ನೆ ಸಂಜೆ ಕೇಳಿದ: "ಎಲ್ಲಿಗೆ ಬಂತೋ ಕೆಲಸ?"
ನಾನು ಡಬ್ಬದ ಮುಚ್ಚಳ ಹುಡುಕುತ್ತಿದ್ದೆ.
ಅಷ್ಟರಲ್ಲಿ ಗೋಡೆಗೆ ಬೆರಳಿಟ್ಟು
ನಮ್ಮ ಕರಾವಳಿಯಿಂದ ಹೊರಟ,
ಅರಬ್ಬೀ ಸಮುದ್ರ ದಾಟಿ, ಕೆಂಪು ಸಮುದ್ರದ ಓಣಿ ಹತ್ತಿ,
ತಡವುತ್ತ, ತಡವುತ್ತ,
ಗುಳಿ ಸಿಕ್ಕಲ್ಲಿ ನಿಂತ.
"ಇದೇ ಅಲ್ವೇನೋ?"
ಬೆರಳನ್ನು ಮೂಗಿನ ಹತ್ತಿರ ಹಿಡಿದು ನೋಡಿದ, ಕಾಣದ ಕಣ್ಣಿನಿಂದ.
"ಇನ್ನೂ ಹಸಿ ಐತೆ ಕಣೋ."